ಎರಿ ಭೂಮ್ಯಾಗ ಹೊಸಾ ಮನಿ, ಎರಡ ವರ್ಷ ತುಂಬೋದ್ರಾಗ ಗ್ವಾಡಿ ಸೀಳ್ಯಾವ, ಕಾಂಟ್ರಾಕ್ಟರ್ ಪಾಯಾ ಮ್ಯಾಲನ ಹಾಕ್ಯಾರಂತ ಸಂಶಯ, ಏನ ಮಾಡೋದು?

ಎರಿಮಣ್ಣಿನ ಮನಿ · 6 ಮೇ 2024

ಎಲ್ಲಾರಿಗೂ ನಮಸ್ಕಾರ್ರಿ. ಉದ್ದ ಬರಿಯಾಕತ್ತೇನಿ, ತಾಳ್ಮಿಲೆ ಓದ್ರಿ. ಹುಬ್ಬಳ್ಳಿ ಹೊರಗ 30-50 ಸೈಟಿನ್ಯಾಗ ಒಂದ ಅಂತಸ್ತಿನ ಮನಿ ಕಟ್ಟಿಸಿದ್ವಿ, ಸಾವಿರ ಚದರ ಅಡಿ. 2022 ಮೇದಾಗ ಪಾಯಾ ತಗದ್ರು, 2023 ಜನವರಿಗೆ ವಾಸ್ತುಶಾಂತಿ ಮಾಡಿ ಒಳಗ ಬಂದ್ವಿ. ಸಾಮಾನು ಕೂಲಿ ಎಲ್ಲಾ ಅವರದ, ಚದರ ಅಡಿಗೆ 1,900 ರೂಪಾಯಿ, ಅಂದ್ರ 19 ಲಕ್ಷ. 17 ಲಕ್ಷ 60 ಸಾವಿರ ಮುಟ್ಟಿಸೇವಿ, 1 ಲಕ್ಷ 40 ಸಾವಿರ ಉಳದೈತಿ. ಅದರಾಗ 12 ಲಕ್ಷ ಬ್ಯಾಂಕಿನ ಸಾಲ.

ಮೊದಲನೇ ಬ್ಯಾಸಗಿ ಏನೂ ಆಗಲಿಲ್ಲ. ಈ ಸಲ ಯುಗಾದಿ ಮುಂದ ಹಿತ್ತಲ ಕಡೆ ಖೋಲಿ ಕಿಡಕಿ ಮೂಲಿಯಿಂದ ಒಂದ ಗೆರಿ ಓರಿಯಾಗಿ ಮ್ಯಾಲ ಹೋತು. ದಿನಾ ಒಂಚೂರು ಅಗಲ ಆಗಿ ಈಗ ಎರಡ ರೂಪಾಯಿ ನಾಣ್ಯಾ ಸೀದಾ ಒಳಗ ಹೋಗತೈತಿ. ಬಚ್ಚಲ ಬಾಗಲಾ ಚೌಕಟ್ಟಿಗೆ ಕಚ್ಚಕೊಂಡು ಹಾಕಾಕ ಬರವಲ್ದು. ಅಡಗಿಮನಿ ನೆಲಾ ಹಿತ್ತಲ ಕಡೆ ಇಳದೈತಿ, ಮಕ್ಕಳ ಗೋಲಿ ಇಟ್ರ ತಾನ ಉಳ್ಳಿಕೋತ ಹೋಗಿ ಮೂಲ್ಯಾಗ ನಿಲ್ಲತೈತಿ.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದ್ರ ಮೊದಲ ಒಬ್ಬ ಹುಡುಗನ್ನ ಕಳಿಸಿ ಪುಟ್ಟಿ ಹಚ್ಚಿಸಿದ್ರು, ಹದಿನೈದ ದಿನಕ್ಕ ಪುಟ್ಟಿನೂ ಸೀಳತು. ಆಮ್ಯಾಲ "ಎರಿ ಭೂಮ್ಯಾಗ ಯಾರ ಮನಿ ಬಿರಕ ಬಿಟ್ಟಿಲ್ಲ ಹೇಳ್ರಿ, ಮಳಿ ಬಂದ್ರ ತಾವ ಕೂಡತಾವ, ಮೊದಲ ಉಳದ ರೊಕ್ಕಾ ಕೊಡ್ರಿ" ಅಂದ್ರು. ಈಗ ಫೋನ್ ಎತ್ತವಲ್ರು.

ಇಂಜಿನಿಯರ್ ಕೊಟ್ಟ ಡ್ರಾಯಿಂಗಿನ್ಯಾಗ ಫೂಟಿಂಗ್ (ಕಾಲಂ ಬುಡದ ಅಗಲ ಕಾಂಕ್ರೀಟ್) 6 ಅಡಿ ಆಳ, ಗರಸು (ಎರಿ ಕೆಳಗಿನ ಗಟ್ಟಿ ಪದರ) ಹತ್ತೂತನಕಾ ಅಂತ ಬರದೈತಿ. ಆದ್ರ ಹಿತ್ತಲ ಕಡೆ ನಾಕ ಗುಂಡಿ ತಗಿಯೋ ದಿನ ಮಳಿ ಬಂದು ದಂಡಿ ಕುಸದಿದ್ವು, ಮರುದಿನ ಸಾಲಿ ಬಿಟ್ಟ ಮ್ಯಾಲ ನಾನು ಹೋಗೋದ್ರಾಗ ಕಾಂಕ್ರೀಟ್ ಹಾಕಿ ಮುಗಿಸಿದ್ರು. ಕೇಳಿದ್ದಕ್ಕ "ಆಳ ಹೋಗೇವಿ ಬಿಡ್ರಿ ಅಕ್ಕಾರ" ಅಂದ್ರು, ನಾನೂ ನಂಬಿದೆ. ಮನ್ಯಾಗ ವಯಸ್ಸಾದ ಮಾವನೋರು, ಇಬ್ಬರು ಸಣ್ಣ ಮಕ್ಕಳು, ರಾತ್ರಿ ಗ್ವಾಡಿ ಚಟ್ ಅಂದ್ರ ಎದ್ದ ಕುಂದರತೇನಿ. ಸ್ಲ್ಯಾಬ್ ಬೀಳೂ ಅಂಜಿಕಿ ಐತೇನ್ರಿ? ಕೇಸ್ ಹಾಕೋದೋ, ಪೊಲೀಸರ ಕಡೆ ಹೋಗೋದೋ, ಬ್ಯಾರೆಯವರ ಕಡೆ ರಿಪೇರಿ ಮಾಡಿಸಿ ಸುಮ್ನಾಗೋದೋ, ತಿಳಿದವರು ಹೇಳ್ರಿ.

ಹೊಸಪೇಟೆ ಹುಡುಗ · 6 ಮೇ 2024

ಅಕ್ಕ ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಕಂಪ್ಲೇಂಟ್ ಹಾಕಿ, ಸ್ಟ್ರಕ್ಚರ್‌ಗೆ 5 ವರ್ಷ ಗ್ಯಾರಂಟಿ ಕೊಡಲೇಬೇಕು ಅಂತ ಕಾನೂನಿದೆ. ಜೊತೆಗೆ ಆ ಮನುಷ್ಯನ ಫೋಟೋ, ಹೆಸರು, ನಂಬರ್ ಎಲ್ಲಾ ಫೇಸ್‌ಬುಕ್‌ಗೆ ಹಾಕಿ, ನಾಲ್ಕು ಜನ ನೋಡಿದ್ರೆ ತಾನಾಗೇ ಓಡಿ ಬರ್ತಾನೆ.

ದಾವಣಗೆರೆ ಸಿವಿಲ್ · 6 ಮೇ 2024

ಮೇಡಂ, ಇವತ್ತಿಂದ ಆ ಬಿರುಕಿಗೆ ಪುಟ್ಟಿ ಸಿಮೆಂಟು ಏನೂ ಹಚ್ಚಬೇಡಿ, ಹಚ್ಚೋಕೂ ಬಿಡಬೇಡಿ. ನಿಮ್ಮ ಹತ್ರ ಇರೋ ದೊಡ್ಡ ಸಾಕ್ಷಿ ಅದೇ, ರಿಪೇರಿ ಮಾಡಿಸಿದ ದಿನ ಅದು ಹೋಯ್ತು. ಮನೆ ವಿಷ್ಯಕ್ಕೆ ಬಂದು ಕೇಳಿದವರಲ್ಲಿ ಸುಮಾರು ಜನ ಎಲ್ಲಾ ಒಡೆದು ಸರಿ ಮಾಡಿಸಿಬಿಟ್ಟು ಆಮೇಲೆ "ಸರ್ ಈಗ ಕೇಸ್ ಹಾಕ್ತೀವಿ" ಅಂತ ಬರ್ತಾರೆ, ಅಷ್ಟೊತ್ತಿಗೆ ತೋರಿಸೋಕೆ ಏನೂ ಉಳಿದಿರಲ್ಲ, ನನಗೂ ಬೇಜಾರಾಗುತ್ತೆ.

ಸ್ಲ್ಯಾಬ್ ಬಗ್ಗೆ. ನಿಮ್ಮದು ಕಾಲಂ-ಬೀಮ್ ಇರೋ ಫ್ರೇಮ್ ಮನೆ, ಸೀಳಿರೋದು ಕಾಲಂಗಳ ಮಧ್ಯದ ಇಟ್ಟಿಗೆ ಗೋಡೆ. ಕಾಲಂ ಮತ್ತು ಬೀಮ್ ಸೇರೋ ಜಾಗ ಟಾರ್ಚ್ ಹಾಕಿ ನೋಡಿ, ಅಲ್ಲಿ ಗೆರೆ ಇದ್ರೆ ಅಥವಾ ಕಾಂಕ್ರೀಟ್ ಚಕ್ಕೆ ಎದ್ದಿದ್ರೆ ಆ ರೂಮಲ್ಲಿ ಯಾರನ್ನೂ ಮಲಗಿಸಬೇಡಿ, ಸ್ಟ್ರಕ್ಚರಲ್ ಇಂಜಿನಿಯರ್‌ನ ಆವತ್ತೇ ಕರೆಸಿ. ಇಲ್ಲ ಅಂದ್ರೂ ಈ ವಾರದಲ್ಲಿ ಕರೆಸಿ, ಫೋಟೋ ನೋಡಿ ಯಾರೂ ಖಾತ್ರಿ ಕೊಡೋಕಾಗಲ್ಲ.

ಎರೆ ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಹೋದ ವರ್ಷ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಮಳೆ ಕೈಕೊಟ್ಟ ಮೇಲೆ ಈ ಬೇಸಿಗೇಲಿ ಮಣ್ಣು ತುಂಬಾ ಆಳದವರೆಗೆ ಒಣಗಿದೆ, ನಿಮ್ಮ ಕಡೆ ಹೊಲದ ಬಿರುಕಲ್ಲಿ ಕಾಲೇ ಇಳಿಯುತ್ತೆ. ಈ ಉಬ್ಬೋ-ಕುಗ್ಗೋ ಪದರ ದಾಟಿ ಕೆಳಗೆ ಗರಸಿನ ಮೇಲೆ ಫೂಟಿಂಗ್ ಕೂತಿದ್ರೆ ಮೇಲಿನ ಮಣ್ಣು ಏನು ಕುಣಿದ್ರೂ ಮನೆಗೆ ಅಷ್ಟು ತಟ್ಟಲ್ಲ. ಮಧ್ಯದಲ್ಲೇ ಕೂತಿದ್ರೆ ಮಣ್ಣಿನ ಜೊತೆ ಫೂಟಿಂಗೂ ಏಳುತ್ತೆ, ಇಳಿಯುತ್ತೆ. ಕಿಟಕಿ ಮೂಲೆಯಿಂದ ಓರೆ ಬಿರುಕು, ಬಾಗಿಲು ಕಚ್ಚೋದು, ನೆಲ ಒಂದೇ ಕಡೆ ಇಳಿಯೋದು, ಮೂರೂ ಸೇರಿದ್ರೆ ಒಂದು ಬದಿ ಕೂರ್ತಿದೆ ಅಂತ ಲೆಕ್ಕ. ಹಾಗಾಗಿ "ಎರೆ ಭೂಮಿ, ಎಲ್ಲಾರದೂ ಬಿಡುತ್ತೆ" ಅನ್ನೋದು ಉತ್ತರ ಅಲ್ಲ, ಎರೆ ಭೂಮಿ ಅಂತ ಗೊತ್ತಿದ್ದೇ ನಿಮ್ಮ ಇಂಜಿನಿಯರ್ 6 ಅಡಿ ಬರೆದಿದ್ದು.

ಈಗ ಮಾಡಬೇಕಾದ್ದು: ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೀರಿ. ತೆಳು ಗಾಜಿನ ಪಟ್ಟಿ, ಒಂದು ಗೇಣು ಉದ್ದ, ಬಿರುಕಿಗೆ ಅಡ್ಡ ಇಟ್ಟು ಎರಡೂ ತುದಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೂರಿಸಿ, ಪಕ್ಕದಲ್ಲಿ ಅವತ್ತಿನ ತಾರೀಖು. ಗೋಡೆ ಅಲ್ಲಾಡಿದ್ರೆ ಗಾಜು ಒಡೆಯುತ್ತೆ. ವಾರಕ್ಕೊಂದು ಫೋಟೋ ಸ್ಕೇಲ್ ಇಟ್ಟು ತೆಗೀರಿ.

ತುಮಕೂರು ಗಾರೆ ಕೆಲಸ · 7 ಮೇ 2024

ನಾನೂ ಕಾಂಟ್ರಾಕ್ಟರೇ, 22 ವರ್ಷದಿಂದ ಮನೆ ಕಟ್ತಿದೀನಿ, ನಮ್ಮ ಕಡೆಯಿಂದಾನೂ ಒಂದು ಮಾತು ಕೇಳಿ ಅಕ್ಕ. ಗುಂಡಿ ದಂಡೆ ಕುಸಿದ್ರೆ ಮತ್ತೆ ಜೆಸಿಬಿ ತರಿಸ್ಬೇಕು, ನೀರು ಹೊರಗೆ ಹಾಕ್ಬೇಕು, ಕಂಬಿ ಕಟ್ಟೋರು ಸುಮ್ನೆ ಕೂತಿರ್ತಾರೆ, ಕೂಲಿ ಏರ್ತಾ ಇರುತ್ತೆ. ಅಲ್ಲಿ ಎಷ್ಟೋ ಜನ ಕೈ ಬಿಡ್ತಾರೆ, ತಪ್ಪೇ ಅದು, ನಾನು ಸಮರ್ಥನೆ ಮಾಡ್ತಿಲ್ಲ, ನೆಲದೊಳಗೆ ಹೋಗೋ ಕೆಲಸದಲ್ಲಿ ಮೋಸ ಮಾಡಿದವನು ಈ ಕೆಲಸಕ್ಕೇ ಲಾಯಕ್ಕಿಲ್ಲ. ಆದ್ರೆ ಅಗೆದು ನೋಡೋ ಮೊದ್ಲು ಅವರಿಗೆ ಬರೆದು ತಿಳಿಸಿ, ಬಂದು ನೋಡೋಕೆ ಒಂದು ಅವಕಾಶ ಕೊಡಿ. ಅವರನ್ನ ಬಿಟ್ಟು ಅಗೆದ್ರೆ "ಇವರೇ ಪಾಯ ಕೆಡಿಸಿದ್ರು" ಅಂತಾರೆ. ಇನ್ನೊಂದು, ಉಳಿದ ದುಡ್ಡು ಸದ್ಯ ಕೊಡಬೇಡಿ, ಹಂಗಂತ ಕೊಡೋದೇ ಇಲ್ಲ ಅಂತಾನೂ ವಾಟ್ಸಾಪಲ್ಲಿ ಬೈದು ಬರೀಬೇಡಿ, ಆ ಮೆಸೇಜೇ ನಾಳೆ ಅವರ ಕೈಲಿ ಆಯುಧ ಆಗುತ್ತೆ.

ಧಾರವಾಡ ಕರಿಕೋಟು · 7 ಮೇ 2024

ಅಕ್ಕಾರ, ತುಮಕೂರಿನವರು ಹೇಳಿದ್ದು ಖರೇ ಐತಿ. ನಾನು ಗ್ರಾಹಕ ಆಯೋಗದಾಗ ಕೇಸ್ ನಡಸ್ತೇನಿ, ಅದಕ್ಕ ಸ್ವಲ್ಪ ಬಿಡಿಸಿ ಬರೀತೇನಿ.

ರೇರಾ ನಿಮಗ ಹತ್ತೂದಿಲ್ಲ. 14(3) ಕಲಂದಾಗ ಐದ ವರ್ಷದ ಮಾತ ಐತಿ ಖರೇ, ಆದ್ರ ಅದು ಫ್ಲ್ಯಾಟು, ಲೇಔಟು ಮಾರೋ ಪ್ರಮೋಟರ್‌ಗೆ. ಸೈಟ್ ನಿಮ್ಮದು, ಅವರು ಕಟ್ಟಿಕೊಡೋ ಗುತ್ತಿಗಿ ಹಿಡದವರು. ನಿಮ್ಮ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019. ಅದರ 2(42) ಕಲಂದಾಗ ಸೇವೆ ಅಂದ್ರ ಏನು ಅನ್ನೂದ್ರಾಗ ಮನಿ ಕಟ್ಟೋದೂ ಸೇರೇತಿ. ಸುಪ್ರೀಂ ಕೋರ್ಟ್ 1993ರಾಗ ಲಖನೌ ಡೆವಲಪ್‌ಮೆಂಟ್ ಅಥಾರಿಟಿ ಕೇಸಿನ್ಯಾಗನ ಮನಿ ಕಟ್ಟಿಕೊಡೋದು ಸೇವೆ ಅಂತ ಹೇಳಿಬಿಟ್ಟೈತಿ, ಆ ಬಗ್ಗೆ ಯಾರೂ ತಕರಾರ ಮಾಡಾಕ ಬರೂದಿಲ್ಲ.

ಜಿಲ್ಲಾ ಆಯೋಗದಾಗ 50 ಲಕ್ಷದ ತನಕಾ ನಡೀತೈತಿ, ಲೆಕ್ಕಾ ನೀವು ಕೊಟ್ಟ ರೊಕ್ಕದ ಮ್ಯಾಲ. ನೀವು ಕೊಟ್ಟಿದ್ದು 17 ಲಕ್ಷ 60 ಸಾವಿರ, ಅದಕ್ಕ ಫೀ ಬರೇ 400 ರೂಪಾಯಿ. ನೀವು ಇರೋ ಜಿಲ್ಲಾದಾಗನ ಹಾಕಬಹುದು, ಆನ್‌ಲೈನ್‌ದಾಗ ಮನಿಯಿಂದನೂ ಹಾಕಬಹುದು, ವಕೀಲರು ಬೇಕಂತ ಕಡ್ಡಾಯ ಇಲ್ಲ.

ಆದ್ರ ಒಂದು ತಾರೀಖ ಗ್ವಾಡಿಗೆ ಬರದ ಇಡ್ರಿ. 69ನೇ ಕಲಂ ಪ್ರಕಾರ ಎರಡ ವರ್ಷದ ಒಳಗ ಹಾಕಬೇಕು. ಬಿರಕ ಕಂಡಿದ್ದು ಈ ಏಪ್ರಿಲ್‌ದಾಗ, ಅಲ್ಲಿಂದ ಎಣಿಸಬೇಕಂತ ನಾವು ವಾದಾ ಮಾಡಬಹುದು. ಎದರಿನವರು ಮನಿ ಕೈಗೆ ಕೊಟ್ಟ 2023 ಜನವರಿಯಿಂದ ಎಣಸ್ತಾರ. ಆ ವಾದಕ್ಕ ಜಾಗಾನ ಕೊಡಬ್ಯಾಡ್ರಿ, 2025 ಜನವರಿ ಬರೋದ್ರಾಗ ಅರ್ಜಿ ಒಳಗ ಇರಬೇಕು.

ಈಗ ಒಂದ ನೋಟಿಸ್, ರಿಜಿಸ್ಟರ್ ಪೋಸ್ಟ್, ಎಡಿ (ಮುಟ್ಟಿದ್ದಕ್ಕ ಸಹಿ ಆಗಿ ವಾಪಸ್ ಬರೋ ಚೀಟಿ) ಹಚ್ಚಿ. ಅದರಾಗ ಬೈಗುಳ ಬ್ಯಾಡ. ಇಂಥಾ ದಿನ, ಇಷ್ಟ ಗಂಟೆಗೆ, ಇಂಥಾ ಕಾಲಂ ಬಾಜೂಕ ಅಗದು ನೋಡೋರದೇವಿ, ನೀವು ಇಲ್ಲಾ ನಿಮ್ಮ ಕಡೆಯವರು ಹಾಜರ ಇರ್ರಿ ಅಂತ ಅಷ್ಟ. ಫೇಸ್‌ಬುಕ್‌ಗೆ ಹೆಸರ ಹಾಕೂದಂತೂ ಬ್ಯಾಡ, ಮಾನಹಾನಿ ಅಂತ ಅವರ ನಿಮ್ಮ ಮ್ಯಾಲ ಬಂದ್ರ ಎರಡ ಕೇಸ್ ಹೊರಬೇಕಾಗತೈತಿ.

ಹೊಸಪೇಟೆ ಹುಡುಗ · 7 ಮೇ 2024

ರೇರಾ ವಿಷ್ಯ ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್, ನಾನು ಎಲ್ಲಾ ಮನೆಗೂ ಅನ್ವಯಿಸುತ್ತೆ ಅಂತಾನೇ ತಿಳ್ಕೊಂಡಿದ್ದೆ. ಅಕ್ಕ, ಬ್ಯಾಂಕ್ ಸಾಲ ಹಂತ ಹಂತವಾಗಿ ಬಿಟ್ಟಿರ್ತಾರಲ್ಲ, ಫೌಂಡೇಶನ್ ಹಂತದಲ್ಲಿ ಅವರ ಇಂಜಿನಿಯರ್ ಬಂದು ನೋಡಿರ್ತಾರೆ, ಆ ರಿಪೋರ್ಟ್ ಕಾಪಿ ಕೇಳಿ ನೋಡಿ.

ಎರಿಮಣ್ಣಿನ ಮನಿ · 19 ಮೇ 2024

ಎಲ್ಲಾರೂ ಇಷ್ಟ ಕಾಳಜಿಯಿಂದ ಬರದೀರಿ, ಭಾಳ ಧೈರ್ಯ ಬಂತು. ಬ್ಯಾಂಕಿನ ರಿಪೋರ್ಟ್ ಸಿಕ್ತು, ಅದರಾಗ "ಫೌಂಡೇಶನ್ ಮುಗದೈತಿ" ಅಂತ ಬಿಟ್ರ ಆಳದ ಮಾತ ಇಲ್ಲ. ನಮ್ಮ ಭಾವನೋರು ಪೊಲೀಸ್ ಠಾಣೆಗೆ ಹೋಗಿದ್ರು, ಸಿವಿಲ್ ಸ್ವರೂಪದ್ದು ಅಂತ ಹಿಂಬರಹ ಕೊಟ್ಟ ಕಳಿಸಿದ್ರು.

ಆದ್ರ ಒಂದ ಫೋಟೋ ಸಿಕ್ಕೈತಿ. ಹಿತ್ತಲ ಮೂಲಿ ಗುಂಡ್ಯಾಗ ಅವತ್ತ ಸಂಜಿ ನಮ್ಮ ಮನಿಯವರು ಇಳದು ನಿಂತಿದ್ರು, ಮಗಳು ಮೊಬೈಲ್‌ನ್ಯಾಗ ತಗದಿದ್ಲು. ಅವರು 5 ಅಡಿ 6 ಇಂಚ ಎತ್ತರ, ನೆಲದ ಅಂಚು ಅವರ ಸೊಂಟಕ್ಕ ಐತಿ. ಬಾಜೂಕ ಕಟ್ಟಿದ ಕಂಬಿ ಜಾಳಿಗಿ ತಯಾರ ಇಟ್ಟಾರ. ಮರುದಿನನ ಕಾಂಕ್ರೀಟ್ ಬಿದ್ದೈತಿ.

ಧಾರವಾಡ ಕರಿಕೋಟು · 19 ಮೇ 2024

ಆ ಮೊಬೈಲ್ ಮಾರಬ್ಯಾಡ್ರಿ, ಫಾರ್ಮ್ಯಾಟ್ ಮಾಡಬ್ಯಾಡ್ರಿ. ವಾಟ್ಸಾಪ್‌ನ್ಯಾಗ ಕಳಿಸಿದ ಕಾಪಿ ಬ್ಯಾರೆ, ಮೂಲ ಫೈಲ್ ಬ್ಯಾರೆ, ತಾರೀಖು ಗಂಟೆ ಮೂಲದಾಗ ಇರತಾವ. ಅದರ ಜೋಡಿ ಎಲೆಕ್ಟ್ರಾನಿಕ್ ಸಾಕ್ಷಿಗೆ ಕೊಡೋ ಪ್ರಮಾಣಪತ್ರ ಹಚ್ಚಬೇಕಾಗತೈತಿ, ಜುಲೈ 1ರಿಂದ ಹೊಸಾ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ಹಳೇದ್ರಾಗ 65ಬಿ ಅಂತಿದ್ವಿ. ಆದ್ರ ಇದೊಂದರ ಮ್ಯಾಲನ ನಿಂದ್ರಬ್ಯಾಡ್ರಿ, "ಫೋಟೋ ಆದ ಮ್ಯಾಲ ಮತ್ತ ಆಳ ತಗದೇವಿ" ಅಂತಾರ. ಅಗದು ನೋಡೋದ ಬೇಕು.

ದಾವಣಗೆರೆ ಸಿವಿಲ್ · 20 ಮೇ 2024

ಹೌದು, ಮಳೆಗಾಲಕ್ಕೆ ಮುಂಚೆನೇ ಆಗಬೇಕು. ಒಂದೇ ಫೂಟಿಂಗ್ ಪಕ್ಕ, ಒಂದೇ ಬದಿ ಅಗೆಸಿ, ಅಡಿಗೆ ಮಾತ್ರ ತೋಡಬೇಡಿ. ಹೊಸ ಇಂಜಿನಿಯರ್ ಅಲ್ಲೇ ನಿಂತಿರಲಿ, ಅಳೆದು ಫೋಟೋ ತೆಗೆದು ಅದೇ ದಿನ ಗರಸು ತುಂಬಿಸಿ ಪದರ ಪದರವಾಗಿ ದಮ್ಮಸು ಹಾಕಿಸಿ. ಗುಂಡಿ ತೆರೆದಿಟ್ಟು ಮಳೆ ನೀರು ನಿಂತ್ರೆ ಇರೋ ತೊಂದ್ರೆ ಎರಡರಷ್ಟಾಗುತ್ತೆ.

ಆಗ ತೆಗೆದ ಮಣ್ಣನ್ನ ಒಂದು ಚೀಲದಲ್ಲಿ ಲ್ಯಾಬಿಗೆ ಕೊಡಿ. ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಮಾಡ್ತಾರೆ. ಒಣ ಮಣ್ಣು ಸೋಸಿ 10 ಗ್ರಾಂ ಒಂದು ಗಾಜಿನ ಕೊಳವೇಲಿ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡ್ತಾರೆ. ಸೀಮೆಎಣ್ಣೇಲಿ ಮಣ್ಣು ಉಬ್ಬಲ್ಲ, ನೀರಲ್ಲಿ ಉಬ್ಬುತ್ತೆ, ಎರಡರ ವ್ಯತ್ಯಾಸವೇ ಉಬ್ಬುವಿಕೆ ಲೆಕ್ಕ. ಆ ಮಣ್ಣಿನ ಮೇಲೆ ಆ ಆಳದಲ್ಲಿ ಫೂಟಿಂಗ್ ಕೂರಿಸಬಾರದಿತ್ತು ಅನ್ನೋದಕ್ಕೆ ಅದು ಆಧಾರ.

ಎರಿಮಣ್ಣಿನ ಮನಿ · 2 ಜೂನ್ 2024

ಇವತ್ತ ಐತವಾರ ಅಗಿಸಿದ್ವಿ. ನೋಟಿಸ್ ಮುಟ್ಟಿದ ಎಡಿ ಚೀಟಿ ವಾಪಸ್ ಬಂದಿತ್ತು. ಕಾಂಟ್ರಾಕ್ಟರ್ ಬರಲಿಲ್ಲ, ತಮ್ಮ ಹಳೇ ಗೌಂಡಿನ್ನ ಕಳಿಸಿದ್ರು. ಬಾಜೂ ಮನಿಯವರು ಇಬ್ಬರು ಪಂಚರಂತ ನಿಂತ್ರು.

ಮ್ಯಾಲಿನ ಎರಡ ಅಡಿ ಮಣ್ಣ ಕಲ್ಲಿನಂಗ ಆಗಿತ್ತು, ಹಾರಿಗೆ ಖಣ್ ಅಂತಿತ್ತು. ಅದರ ಕೆಳಗ ಮೆತ್ತಗ ಆತು, ಸಲಿಕಿಗೆ ಅಂಟಕೊಂಡು ಬಿಡವಲ್ದು. ಎರಡೂವರೆ ಅಡಿಗೆ ಫೂಟಿಂಗ್ ತೆಲಿ ಕಂಡತು. ಇಂಜಿನಿಯರ್ ಗುಂಡ್ಯಾಗ ಇಳದು ಫೂಟಿಂಗಿನ ತಳಕ್ಕ ಟೇಪ್ ಹಚ್ಚಿ ಮ್ಯಾಲಿನ ತುದಿ ಗೌಂಡಿ ಕೈಯಾಗ ಕೊಟ್ಟು "ನೀವ ಓದ್ರಿ" ಅಂದ್ರು. ಅಂವ ಸ್ವಲ್ಪ ಹೊತ್ತ ಸುಮ್ನ ನಿಂತ. ಆಮ್ಯಾಲ ಸಣ್ಣ ದನಿಲೆ "ಮೂರ ಅಡಿ ಏಳ ಇಂಚ" ಅಂದ. ಫೂಟಿಂಗ್ ಕೆಳಗ ಮೊದಲ ಹಾಸೋ ಬೆಡ್ ಕಾಂಕ್ರೀಟ್ ಇಲ್ಲ. ಅಂಚಿನ್ಯಾಗ ಕೈ ಹಾಕಿದ್ರ ಕಂಬಿನ ಬೆರಳಿಗೆ ಹತ್ತತೈತಿ, ತುಕ್ಕ ಹಿಡದು ಮಣ್ಣ ಕೆಂಪ ಆಗೇತಿ. ಬಾಜೂಕ ಹಾರಿ ಇಳಿಸಿದ್ರು, ನೆಲದಿಂದ ಆರ ಅಡಿಗೆ ಹೋಗಿ ಟಕ್ ಅಂತ ಗರಸಿಗೆ ಬಡೀತು, ಡ್ರಾಯಿಂಗಿನ್ಯಾಗ ಬರದಂಗನ.

ಪಂಚನಾಮೆಕ್ಕ ಗೌಂಡಿನೂ ಸಹಿ ಮಾಡಿದ. ಹೋಗೋಮುಂದ ನಮ್ಮ ಮಾವನೋರ ಕಾಲ ಮುಟ್ಟಿ "ತಪ್ಪಾತ್ರಿ ಯಜಮಾನರ, ಅವತ್ತ ಮಾಲಕ್ರು ಫೋನ್‌ದಾಗ ಹಾಕ್ರಿ ಅಂದ್ರು" ಅಂದ. ನನಗ ಸಿಟ್ಟ ಬರಬೇಕಿತ್ತು, ಬರಲಿಲ್ಲ. ಅಳು ಬಂತು.

ದಾವಣಗೆರೆ ಸಿವಿಲ್ · 2 ಜೂನ್ 2024

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಫೂಟಿಂಗ್‌ನಲ್ಲಿ ಕಂಬಿಗೆ ಕನಿಷ್ಠ 50 ಮಿಲಿಮೀಟರ್ ಕವರ್, ಅಂದ್ರೆ ಕಂಬಿ ಮುಚ್ಚೋ ಕಾಂಕ್ರೀಟ್, ಇರಬೇಕು, ನಿಮ್ಮದರಲ್ಲಿ ಕೈಗೇ ಸಿಗ್ತಿದೆ ಅಂದ್ರೆ ಆಳದ ಜೊತೆ ಅದೂ ರಿಪೋರ್ಟಲ್ಲಿ ಬರಬೇಕು. ಕೋರ್ ಟೆಸ್ಟ್ (ಕಾಂಕ್ರೀಟ್ ಕೊರೆದು ತುಂಡು ತೆಗೆದು ಮಾಡೋ ಪರೀಕ್ಷೆ) ಅಂತ ಯಾರಾದ್ರೂ ದುಡ್ಡು ಖರ್ಚು ಮಾಡಿಸೋಕೆ ಬಂದ್ರೆ ಸದ್ಯ ಬೇಡ ಅನ್ನಿ. ಕಾಲಂಗಳಿಗೆ ಕೊರೆಯದೇ ಮಾಡೋ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ನೋಡಿಸಿ, ಅದರಲ್ಲಿ ಡೌಟ್ ಬಂದ್ರೆ ಮಾತ್ರ ಕೋರ್. ನಿಮ್ಮ ಜಗಳ ಕಾಂಕ್ರೀಟಿನ ಗಟ್ಟಿತನದ್ದಲ್ಲ, ಅದು ಕೂತಿರೋ ಜಾಗದ್ದು.

ಪುತ್ತೂರಿನವ · 4 ಜೂನ್ 2024

ಓದಿ ಹೆದರಿಕೆಯೇ ಆಯಿತು ಮಾರಾಯ್ರೆ. ನಮ್ಮ ಕಡೆ ಮುರಕಲ್ಲು, ಈ ಸಮಸ್ಯೆ ಕೇಳಿಯೇ ಗೊತ್ತಿಲ್ಲ. ತಂಗಿ ಗದಗದಲ್ಲಿ ಮನೆ ಕಟ್ಟಿಸ್ಲಿಕ್ಕೆ ಹೊರಟಿದ್ದಾಳೆ, ಅಲ್ಲಿಯೂ ಎರೆ ಮಣ್ಣೇ ಉಂಟಂತೆ. ಸುರುವಿಗೇ ಎಂತ ನೋಡ್ಬೇಕು?

ದಾವಣಗೆರೆ ಸಿವಿಲ್ · 4 ಜೂನ್ 2024

ಮಣ್ಣಿನ ಟೆಸ್ಟ್ ಮೊದ್ಲು. ಗರಸು ಹತ್ರದಲ್ಲೇ ಸಿಕ್ಕಿದ್ರೆ ಅಲ್ಲಿವರೆಗೆ ಫೂಟಿಂಗ್, ತುಂಬಾ ಆಳ ಇದ್ರೆ ಅಂಡರ್ ರೀಮ್ಡ್ ಪೈಲ್, ಅಂದ್ರೆ ಬುಡದಲ್ಲಿ ಗಂಟೆ ಆಕಾರಕ್ಕೆ ಅಗಲ ಮಾಡಿದ, ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ, ಐಎಸ್ 2911ರಲ್ಲಿ ಅದಕ್ಕೆ ಬೇರೆ ಭಾಗವೇ ಇದೆ. ಪ್ಲಿಂತ್ ಬೀಮ್ (ಗೋಡೆ ಬುಡದ ಬೀಮ್) ಎರೆ ಮಣ್ಣಿನ ಮೇಲೆ ನೇರ ಕೂರಬಾರದು, ಕೆಳಗೆ ಸಂದು ಬಿಡಿಸಿ. ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸಿ: ಪ್ರತಿ ಗುಂಡಿಗೂ ಟೇಪ್ ಇಟ್ಟು ಫೋಟೋ ತೆಗೆದು ಇಂಜಿನಿಯರ್ ಸಹಿ ಮಾಡಿದ ಮೇಲೇ ಕಾಂಕ್ರೀಟ್, ಆಮೇಲೇ ಆ ಹಂತದ ದುಡ್ಡು.

ಎರಿಮಣ್ಣಿನ ಮನಿ · 14 ಜುಲೈ 2024

ಮೊದಲನೇ ದೊಡ್ಡ ಮಳಿಗೆ ಗಾಜಿನ ಪಟ್ಟಿ ಒಡೀತ್ರಿ. ಬಿರಕ ಸ್ವಲ್ಪ ಕೂಡೇತಿ, ಆದ್ರ ಪಟ್ಟಿ ನಡಬರಕ ಎರಡ ತುಂಡ.

ಅವರ ವಕೀಲರಿಂದ ಉತ್ತರ ಬಂತು. ಬಚ್ಚಲ ನೀರು ಹಿತ್ತಲ ಬಾಳಿಗಿಡಕ್ಕ ಬಿಟ್ಟಿದ್ದಕ್ಕ ನೆಲಾ ಉಬ್ಬೇತಿ, ತಪ್ಪು ಮಾಲಕರದ, 1 ಲಕ್ಷ 40 ಸಾವಿರ ಬಡ್ಡಿ ಸಮೇತ ಕೊಡ್ರಿ ಅಂತ. ಇಲ್ಲಿ ನಾನು ಸುಳ್ಳ ಹೇಳೂದಿಲ್ಲ. ಬಾಳಿಗಿಡಾ ಹಚ್ಚಿದ್ದು ಖರೇ, ನೀರ ಬಿಟ್ಟಿದ್ದೂ ಖರೇ, ಮೂಲಿ ಕಾಲಂನಿಂದ ನಾಕ ಅಡಿ ದೂರದಾಗ. ಯಾರೂ ಹೇಳಿರಲಿಲ್ಲ ನಮಗ.

ದಾವಣಗೆರೆ ಸಿವಿಲ್ · 14 ಜುಲೈ 2024

ಇವತ್ತೇ ಆ ನೀರು ನಿಲ್ಲಿಸಿ, ಪೈಪ್ ಹಾಕಿ ಚರಂಡಿಗೆ ಬಿಡಿ, ಗಿಡ ತೆಗೀರಿ. ಒಂದು ಕಡೆ ಒದ್ದೆ, ಒಂದು ಕಡೆ ಒಣ ಇದ್ರೆ ಮಣ್ಣು ಹೆಚ್ಚು ಕಮ್ಮಿ ಉಬ್ಬುತ್ತೆ, ಅವರ ಮಾತಲ್ಲಿ ಅಷ್ಟು ನಿಜ ಇದೆ. ಆದ್ರೆ ಫೂಟಿಂಗ್ ಗರಸಿನ ಮೇಲೆ ಇದ್ದಿದ್ರೆ ಬಾಳೆಗಿಡದ ನೀರು ಗೋಡೆನ ಈ ಪಾಟಿ ಸೀಳ್ತಿರ್ಲಿಲ್ಲ. ಎರಡನ್ನೂ ರಿಪೋರ್ಟಲ್ಲಿ ಬರೆಸಿ, ಮುಚ್ಚಿಡೋಕೆ ಹೋಗಬೇಡಿ.

ಧಾರವಾಡ ಕರಿಕೋಟು · 15 ಜುಲೈ 2024

ನಾನೂ ಅದನ್ನ ಹೇಳತೇನಿ. ಅರ್ಜಿಯೊಳಗ ನೀವ ಮೊದಲ ಬರದ ಬಿಡ್ರಿ. ಎದರಿನವರು ಹೊರಗ ತಗದ್ರ ಅದು ಪೆಟ್ಟು, ನೀವ ಹೇಳಿದ್ರ ಬರೇ ಒಂದ ಸಂಗತಿ.

ಎರಿಮಣ್ಣಿನ ಮನಿ · 20 ಅಕ್ಟೋಬರ್ 2024

ನಡಕ ಮೂರ ತಿಂಗಳು ಬರೀಲಿಲ್ಲ, ಕ್ಷಮಿಸ್ರಿ. ಅವರ ಕಡೆಯಿಂದ ಒಬ್ಬ ಹಿರಿಯರು ಬಂದು "ದಸರಾ ಆಗಲಿ, ನಾವ ರಿಪೇರಿ ಮಾಡಿಕೊಡತೇವಿ, ಕೋರ್ಟ್ ಗೀರ್ಟ್ ಬ್ಯಾಡ" ಅಂದಿದ್ರು, ಕಾಯಕೋತ ಕುಂತ್ವಿ. ದಸರಾ ಆತು. ಈಗ ದೀಪಾವಳಿ ಅಂತಾರ.

ಧಾರವಾಡ ಕರಿಕೋಟು · 20 ಅಕ್ಟೋಬರ್ 2024

ಅಕ್ಕಾರ, ಜನವರಿ ತಾರೀಖ ನೆನಪೈತಿಲ್ಲೋ? ಬಾಯಿಮಾತಿನ ಭರವಸೆದಿಂದ ಎರಡ ವರ್ಷದ ಅವಧಿ ನಿಲ್ಲೂದಿಲ್ಲ. ರಾಜಿ ಆಗೋದಿದ್ರ ಅರ್ಜಿ ಹಾಕಿದ ಮ್ಯಾಲನೂ ಆಗತೈತಿ, ಅದಕ್ಕಂತನ ಕಾಯ್ದೆದಾಗ 37ನೇ ಕಲಂದ ಕೆಳಗ ಮೀಡಿಯೇಶನ್ ಇಟ್ಟಾರ. ರಿಪೇರಿ ಅಂದಾಜಪಟ್ಟಿ, ಇಂಜಿನಿಯರ್ ರಿಪೋರ್ಟ್, ಪಂಚನಾಮೆ, ನೋಟಿಸು, ಎಡಿ ಚೀಟಿ, ರೊಕ್ಕಾ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಮೂಲ ಡ್ರಾಯಿಂಗ್, ಇಷ್ಟ ಜೋಡಿಸಿ ಹಾಕಿಬಿಡ್ರಿ. ಮಾನಸಿಕ ಹಿಂಸೆಗೆ ಹತ್ತ ಲಕ್ಷ ಅಂತ ಬರೀಬ್ಯಾಡ್ರಿ, ಕೇಳೋ ಮೊತ್ತಕ್ಕ ಆಧಾರ ಇದ್ರ ಆಯೋಗ ನಿಮ್ಮ ಉಳದ ಮಾತನೂ ನಂಬತೈತಿ. ನೋಟಿಸ್ ಮುಟ್ಟಿದ ಮ್ಯಾಲ ಅವರಿಗೆ ಉತ್ತರಕ್ಕ 30 ದಿನ, ಹೆಚ್ಚಂದ್ರ ಇನ್ನ 15, ಅದನ್ನ ಮೀರಿ ಕೊಡಾಕ ಬರೂದಿಲ್ಲಂತ 2020ರಾಗ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳೇತಿ.

ಎರಿಮಣ್ಣಿನ ಮನಿ · 24 ನವೆಂಬರ್ 2024

ಹೋದ ವಾರ ಹಾಕಿದ್ವಿ. ನಾಕ ಫೂಟಿಂಗ್ ಸರಿ ಮಾಡಾಕ, ಸುತ್ತ ಏಪ್ರನ್ (ಗ್ವಾಡಿ ಬುಡಕ್ಕ ನೀರ ಇಳೀದಂಗ ಹಾಕೋ ಹಾಸು), ಗಟಾರ, ಗ್ವಾಡಿ ರಿಪೇರಿ ಎಲ್ಲಾ ಸೇರಿ 6 ಲಕ್ಷ 20 ಸಾವಿರ ಅಂದಾಜ ಬಂದೈತಿ. ಅಷ್ಟ ಕೇಳೇವಿ, ಜೋಡಿ ಕೇಸಿನ ಖರ್ಚು. ಬಾಳಿಗಿಡದ ಮಾತೂ ಬರದೇವಿ.

ಎರಿಮಣ್ಣಿನ ಮನಿ · 2 ಮಾರ್ಚ್ 2025

ಜನವರ್ಯಾಗ ಅವರು ಹಾಜರಾದ್ರು, ಮೀಡಿಯೇಶನ್‌ಗೆ ಕಳಿಸಿದ್ರು. ಎರಡ ಸಲ ಕುಂತ್ವಿ. ಗೌಂಡಿ ಸಹಿ ಇದ್ದ ಪಂಚನಾಮೆ ನೋಡಿದ ಮ್ಯಾಲ ಅವರ ದನಿ ಇಳೀತು. ಮೊದಲ ತಾವ ರಿಪೇರಿ ಮಾಡತೇವಂದ್ರು, ನಾವು ಒಪ್ಪಲಿಲ್ಲ. ಈಗ ಹೇಳೂದು: 4 ಲಕ್ಷ ಮೂರ ಕಂತಿನ್ಯಾಗ ಕೊಡತೇವಿ, ಉಳದ 1 ಲಕ್ಷ 40 ಸಾವಿರ ಬಿಡತೇವಿ. ಅಂದ್ರ ನಮಗ 5 ಲಕ್ಷ 40 ಸಾವಿರ ಹೊಂದಿಕಿ ಆಗತೈತಿ, 80 ಸಾವಿರ ನಾವ ಹಾಕಬೇಕು. ಮನ್ಯಾಗ ಒಬ್ಬೊಬ್ಬರದು ಒಂದೊಂದ ಮಾತ. ನೀವು ಏನಂತೀರಿ?

ಕುಕ್ಕರಹಳ್ಳಿ ವಾಕಿಂಗ್ · 2 ಮಾರ್ಚ್ 2025

ನಾನು ಮೈಸೂರಿನವನು, ನಂದೂ ಇಂಥದ್ದೇ ಕೇಸು, ಟಾಯ್ಲೆಟ್ ಲೀಕೇಜು ಮತ್ತೆ ಸಜ್ಜ ಬಿದ್ದಿದ್ದು. ಜಿಲ್ಲಾ ಆಯೋಗದಲ್ಲಿ ಗೆದ್ದೆ, ಅವರು 45 ದಿನದೊಳಗೆ ಅರ್ಧ ದುಡ್ಡು ಕಟ್ಟಿ ರಾಜ್ಯ ಆಯೋಗಕ್ಕೆ ಅಪೀಲು ಹೋದ್ರು, ಎಲ್ಲಾ ಸೇರಿ ನಾಲ್ಕು ವರ್ಷ ಆಯ್ತು. ಪೂರ್ತಿ ಬಂತು, ಅದಕ್ಕೆ ನನಗೆ ಸಮಾಧಾನ ಇದೆ, ಪೂರ್ತಿ ತಪ್ಪು ಮಾಡಿದವರು ಪೂರ್ತಿ ಕೊಡಬೇಕು ಅಂತ ಈಗಲೂ ಅನ್ನಿಸುತ್ತೆ. ಆದ್ರೆ ನಂದು ಸಜ್ಜ ಕಣ್ರೀ, ನಿಮ್ಮದು ಪಾಯ. ನಾಲ್ಕು ಮಳೆಗಾಲ ನೀವು ಕಾಯೋಕಾಗುತ್ತಾ ಯೋಚನೆ ಮಾಡಿ.

ದಾವಣಗೆರೆ ಸಿವಿಲ್ · 3 ಮಾರ್ಚ್ 2025

ಕಾಯಬೇಡಿ. ಈ ಕೆಲಸ ಒಣ ದಿನದಲ್ಲೇ ಆಗಬೇಕು, ಏಪ್ರಿಲ್ ಮೇ ತಪ್ಪಿದ್ರೆ ಇನ್ನೊಂದು ವರ್ಷ. ಪ್ರತಿ ಸೀಸನ್‌ಗೂ ಬೀಮ್‌ಗೆ ಸುಸ್ತು ಜಾಸ್ತಿ ಆಗುತ್ತೆ, ಈಗ 6 ಲಕ್ಷದ ಕೆಲಸ ಮುಂದೆ ಅಷ್ಟಕ್ಕೇ ನಿಲ್ಲುತ್ತೆ ಅಂತ ನಾನು ಹೇಳಲಾರೆ.

ತುಮಕೂರು ಗಾರೆ ಕೆಲಸ · 3 ಮಾರ್ಚ್ 2025

ತಗೊಳ್ಳಿ ಅಕ್ಕ. ಅವರ ಕೈಲಿ ರಿಪೇರಿ ಮಾಡಿಸಲ್ಲ ಅಂದಿದ್ದು ಸರಿ ಮಾಡಿದ್ರಿ, ನಷ್ಟದಲ್ಲಿ ಮಾಡೋ ಕೆಲಸ ಯಾರೂ ಮನಸ್ಸಿಟ್ಟು ಮಾಡಲ್ಲ. ಮೊದಲನೇ ಕಂತು ದೊಡ್ಡದಿರಲಿ, ಕೆಲಸ ಶುರುವಾಗೋ ಮೊದ್ಲೇ ಕೈಗೆ ಬರಲಿ.

ಧಾರವಾಡ ಕರಿಕೋಟು · 3 ಮಾರ್ಚ್ 2025

ಒಪ್ಪಿದ್ರ ಬಾಂಡ್ ಪೇಪರ್ ಮ್ಯಾಲ ಬರಕೊಂಡು ಮನಿಗೆ ಬರಬ್ಯಾಡ್ರಿ. ರಾಜಿ ಕರಾರು ಆಯೋಗದ ಮುಂದ ಸಲ್ಲಿಸಿ ಅದರ ಪ್ರಕಾರ ಆದೇಶ ಆಗಲಿ. ಕಂತು ತಪ್ಪಿದ್ರ ಗ್ರಾಹಕ ಕಾಯ್ದೆದ 71ನೇ ಕಲಂದಾಗ ವಸೂಲಿ, 72ರಾಗ ಒಂದ ತಿಂಗಳಿಂದ ಮೂರ ವರ್ಷದ ತನಕಾ ಜೈಲು ಇಲ್ಲಾ ದಂಡ, ಆ ಅಂಜಿಕಿ ಇದ್ರನ ಕೊನೀ ಕಂತು ಬರೂದು.

ಎರಿಮಣ್ಣಿನ ಮನಿ · 25 ಮೇ 2025

ಆದೇಶ ಆತು, ಮೊದಲನೇ ಕಂತು 2 ಲಕ್ಷ ಬಂತು, ಕೆಲಸನೂ ಮುಗೀತು. ಜಾಕ್ ಕೊಟ್ಟು ಬೀಮ್ ಹಿಡದು ಒಂದ ಸಲಕ್ಕ ಒಂದ ಫೂಟಿಂಗ್, ಬಾಜೂ ಬಾಜೂದ್ದು ಮುಟ್ಟಲಿಲ್ಲ, ಮೂಲಿದು ಆದ ಮ್ಯಾಲ ನಡಬರಕಿಂದು ಬಿಟ್ಟು ಆ ಕಡೆ ಮೂಲಿದು. ಗರಸಿನ ತನಕಾ ತೋಡಿ ತಳಾ ಕೈಲೆ ಸ್ವಚ್ಛ ಮಾಡಿ ಕಾಂಕ್ರೀಟ್ ತುಂಬಿ, ಹಳೇ ಫೂಟಿಂಗ್ ನಡಕ ಉಳದ ಸಂದಿಗೆ ಕುಗ್ಗದಂಥಾ ಸಿಮೆಂಟ್ ಗ್ರೌಟ್ ಬಡದ್ರು. ಈ ಸಲ ಪ್ರತಿ ಗುಂಡಿಗೆ ನಾನ ಇಳದು ಟೇಪ್ ಹಿಡದೇನಿ, ಸಾಲಿ ಸೂಟಿ ಇತ್ತು. ಆರ ಅಡಿ ಒಂದ ಇಂಚ, ಆರ ಅಡಿ, ಆರ ಅಡಿ ಎರಡ ಇಂಚ, ಆರ ಅಡಿ.

ಹಿತ್ತಲದಾಗ ಗ್ವಾಡಿಗೆ ಹತ್ತಿ ಮೀಟರ್ ಅಗಲ ಏಪ್ರನ್ ಹಾಕಿಸೇವಿ, ಬಚ್ಚಲ ನೀರು ಪೈಪಿನ್ಯಾಗ ಹೋಗತೈತಿ. ಬಿರಕ ತುಂಬಿಸಿ ಅದ ಜಾಗಾಕ್ಕ ಹೊಸಾ ಗಾಜಿನ ಪಟ್ಟಿ ಕುಂದ್ರಿಸಿ ತಾರೀಖ ಬರದೇವಿ.

ದಾವಣಗೆರೆ ಸಿವಿಲ್ · 25 ಮೇ 2025

ಮಳೆ ಮುಗಿಯೋವರೆಗೂ ಬಣ್ಣ ಹಚ್ಚಬೇಡಿ ಮೇಡಂ. ಒಂದು ಒದ್ದೆ, ಒಂದು ಒಣ, ಎರಡೂ ಕಾಲ ನೋಡಬೇಕು.

ಎರಿಮಣ್ಣಿನ ಮನಿ · 9 ನವೆಂಬರ್ 2025

ಕೊನೀ ಕಂತು ಅಕ್ಟೋಬರ್‌ದಾಗ ಜಮಾ ಆತು. ಈ ಸಲ ಮಳಿ ಭಾಳ ಆತ್ರಿ, ಬಾಜೂ ಹೊಲದಾಗ ನೀರ ನಿಂತಿತ್ತು. ಇವತ್ತ ಮುಂಜಾನೆ ಟಾರ್ಚ್ ಹಿಡಕೊಂಡು ಪಟ್ಟಿ ನೋಡಿದೆ, ಮಗಳು ಸ್ಕೇಲ್ ಹಿಡದ್ಲು. ಒಡದಿಲ್ಲ, ಒಂದ ಕೂದಲಗೆರಿನೂ ಇಲ್ಲ. ಬಚ್ಚಲ ಬಾಗಲಾ ಒಂದ ಕೈಲೆ ಹಾಕಾಕ ಬರತೈತಿ. ಬಣ್ಣ ಹಚ್ಚಿಲ್ಲ, ಬ್ಯಾಸಗಿ ದಾಟಲಿ ಅಂತ ಬಿಟ್ಟೇವಿ. ಏಪ್ರಿಲ್‌ದಾಗ ಮತ್ತ ಅಳದು ಇಲ್ಲೇ ಬರೀತೇನಿ.